ರೂಮಿನ ಟ್ಯಾಕ್ಸ್ ಇಳಿಯಿತು, ಸಫಾರಿ ನಿಂತಿತು: ಮೈಸೂರು, ಮಂಡ್ಯದ ಹೋಮ್‌ಸ್ಟೇಗಳ ಕಥೆ ಏನಾಗುತ್ತಿದೆ?

2025ರ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ಅವರು ದಸರಾ ಉದ್ಘಾಟಿಸಿದರು. ಅದೇ ದಿನ ದೇಶದಾದ್ಯಂತ ಹೋಟೆಲ್ ರೂಮುಗಳ ಜಿಎಸ್‌ಟಿಯೂ ಇಳಿಯಿತು. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ 12 ಇದ್ದ ತೆರಿಗೆ ಶೇ 5 ಆಯಿತು. ದಸರಾ ನೋಡಲು ಬರುವವರಿಗೆ ಒಳ್ಳೆ ಸುದ್ದಿ ಅಲ್ವಾ? ಆದರೂ ಬಿಲ್ ಕೈಗೆ ಬಂದಾಗ "ಎಲ್ಲಿ ಇಳಿದಿದೆ?" ಅಂತ ಕೇಳುವಂತಾಯಿತು.

ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮೈಸೂರು ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ನಾಗರಹೊಳೆ, ಬಂಡೀಪುರದಲ್ಲಿ ಸಫಾರಿ ಮತ್ತು ಚಾರಣ ನಿಲ್ಲಿಸಲು ಆದೇಶ ಕೊಟ್ಟರು. ಕಬಿನಿ ಕಡೆಯ ರೆಸಾರ್ಟ್, ಹೋಮ್‌ಸ್ಟೇಗಳಿಗೆ ಅದರ ಬಿಸಿ ತಕ್ಷಣ ತಟ್ಟಿತು.

ಇದರ ಜೊತೆಗೆ ಎರಡು ವಿರುದ್ಧ ದಿಕ್ಕಿನ ಮಾತುಗಳು. ಆ ವರ್ಷದ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ ಹೋಮ್‌ಸ್ಟೇ ಮಾಡುವವರಿಗೆ ಮುದ್ರಾ ಸಾಲ, ಅಂದರೆ ಚಿಕ್ಕ ವ್ಯಾಪಾರಕ್ಕೆ ಸಿಗುವ ಸಾಲ, ಕೊಡುತ್ತೇವೆ ಅಂದರು. ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರ ಕೆರೆ ಬಳಿ ಪ್ರವಾಸಿಗರ ಮೇಲೆ, ಅವರ ಜೊತೆಗಿದ್ದ ಹೋಮ್‌ಸ್ಟೇ ನಡೆಸುವ ಮಹಿಳೆಯ ಮೇಲೆ ಘೋರ ದೌರ್ಜನ್ಯ ನಡೆಯಿತು. ಅದಾದ ಮೇಲೆ ಹೋಮ್‌ಸ್ಟೇಗಳ ಮೇಲೆ ನಿಗಾ ಬಿಗಿಯಾಗಬೇಕು ಅನ್ನುವ ಒತ್ತಾಯ ಹೆಚ್ಚಾಯಿತು. ಒಂದು ಕಡೆ "ಮಾಡಿ, ಸಾಲ ಕೊಡುತ್ತೇವೆ". ಇನ್ನೊಂದು ಕಡೆ "ಕಾಗದ ತೋರಿಸಿ". ಮನೆಯ ಮೇಲಿನ ಎರಡು ರೂಮು ಪ್ರವಾಸಿಗರಿಗೆ ಕೊಡೋಣ ಅಂದುಕೊಂಡಿದ್ದವರಿಗೂ, ಅಲ್ಲಿ ಉಳಿಯಲು ಬರುವವರಿಗೂ ತಲೆಬುಡ ತಿಳಿಯದಂತಾಗಿದೆ.

ಈ ಗೊಂದಲವನ್ನು ಬಿಡಿಸಲು ಒಂದು ಪ್ರಶ್ನೆ ಸಾಕು. ಮನೆಯವರು ಆ ಮನೆಯಲ್ಲಿ ವಾಸ ಇದ್ದಾರಾ, ಇಲ್ಲವಾ? ತೆರಿಗೆ, ಪಕ್ಕದ ಮನೆಯವರ ತಕರಾರು, ಹೋಟೆಲಿನವರ ಸಿಟ್ಟು, ಕಡೆಗೆ ಈ ಸೀಮೆಯ ಪ್ರವಾಸೋದ್ಯಮದ ಲಾಭ ಯಾರ ಜೇಬಿಗೆ ಹೋಗುತ್ತದೆ ಅನ್ನುವುದೂ ಇದರ ಮೇಲೇ ನಿಂತಿದೆ.

ಯಾವುದು ಹೋಮ್‌ಸ್ಟೇ?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯ ನಿಯಮ ಸರಳವಾಗಿದೆ. ಮಾಲೀಕರು ಕುಟುಂಬ ಸಮೇತ ಅದೇ ಮನೆಯಲ್ಲಿ ವಾಸವಿರಬೇಕು. ಕನಿಷ್ಠ ಒಂದು ರೂಮು, ಹೆಚ್ಚೆಂದರೆ ಆರು ರೂಮು, ಒಟ್ಟು 12 ಹಾಸಿಗೆ. ಸೌಕರ್ಯ ನೋಡಿ ಗೋಲ್ಡ್, ಸಿಲ್ವರ್ ಅಂತ ದರ್ಜೆ ಕೊಡುತ್ತಾರೆ. ರಾಜ್ಯದ ಪ್ರವಾಸೋದ್ಯಮ ಇಲಾಖೆಯಲ್ಲೂ ಹೋಮ್‌ಸ್ಟೇ ನೋಂದಣಿ ಬೇರೆಯಾಗಿಯೇ ಇದೆ.

ಈಗ ಮೈಸೂರಿನಲ್ಲಿ ಈ ಹೆಸರಿನಲ್ಲಿ ನಡೆಯುವುದನ್ನೆಲ್ಲ ಮೊಬೈಲ್ ಆ್ಯಪ್‌ನಲ್ಲಿ ನೋಡಿ. ಗೋಕುಲಂನಲ್ಲಿ ಕೆಳಗೆ ಮನೆಯವರಿದ್ದು ಮೇಲಿನ ಮಹಡಿಯನ್ನು ಯೋಗ ಕಲಿಯಲು ಬಂದವರಿಗೆ ಕೊಡುವುದೂ ಹೋಮ್‌ಸ್ಟೇ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಹೊರದೇಶದವರು ಬರಲು ಶುರುವಾದ ಮೇಲೆ ಆ ಬಡಾವಣೆಯಲ್ಲಿ ಇದು ಬೆಳೆದು ಬಂದಿದೆ. ಅಲ್ಲಿ ಉಳಿಯುವವರು ಒಂದು ರಾತ್ರಿಗೆ ಬರುವವರಲ್ಲ. ತಿಂಗಳುಗಟ್ಟಲೆ ಇರುತ್ತಾರೆ, ಅದೇ ಬೀದಿಯಲ್ಲಿ ತರಕಾರಿ ಕೊಳ್ಳುತ್ತಾರೆ, ಮನೆಯವರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗುತ್ತಾರೆ. ಬೇರೆ ಬಡಾವಣೆಯಲ್ಲಿ ಇಡೀ ಮನೆಯನ್ನೇ ದಿನದ ಬಾಡಿಗೆಗೆ ಬಿಟ್ಟು, ಬೀಗದ ಕೈಯನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟು, ಮಾಲೀಕರು ಬೆಂಗಳೂರಿನಲ್ಲಿ ಕೂತಿರುವುದೂ ಹೋಮ್‌ಸ್ಟೇ. ಕಾಡಂಚಿನಲ್ಲಿ ಈಜುಕೊಳ, ಕ್ಯಾಂಪ್‌ಫೈರ್ ಇಟ್ಟುಕೊಂಡು ಸಾಲು ಕಾಟೇಜು ಕಟ್ಟಿರುವುದೂ ಹೋಮ್‌ಸ್ಟೇ!

ಈ ಮೂರಕ್ಕೂ ಸುದ್ದಿಯಲ್ಲಿ ಒಂದೇ ಬೋರ್ಡು. ಹಾಗಾಗಿ ಮೂರನೆಯದರ ಮೇಲೆ ಕ್ರಮ ಅಂದಾಗ ಮೊದಲನೆಯವರು ಗಾಬರಿಯಾಗುತ್ತಾರೆ. ಮೊದಲನೆಯವರಿಗೆ ಅಂತ ಕೊಟ್ಟ ರಿಯಾಯಿತಿಯನ್ನು ಎರಡನೆಯವರು ಬಳಸಿಕೊಳ್ಳುತ್ತಾರೆ.

ಟ್ಯಾಕ್ಸ್ ಇಳಿದರೂ ಬಿಲ್ ಯಾಕೆ ಇಳಿಯಲಿಲ್ಲ?

ಲೆಕ್ಕ ಹಾಕಿಯೇ ನೋಡೋಣ. 2,000 ರೂಪಾಯಿ ರೂಮು. ಮೊದಲು ಶೇ 12 ಅಂದರೆ 240 ಸೇರಿ 2,240. ಈಗ ಶೇ 5 ಅಂದರೆ 100 ಸೇರಿ 2,100. ಉಳಿತಾಯ 140 ರೂಪಾಯಿ. ಕಾಗದದ ಮೇಲೆ ಇಷ್ಟು ಸರಿ.

ಆದರೆ ದರ ಇಳಿಸುವಾಗ ಜೊತೆಗೆ ಒಂದು ಷರತ್ತು ಬಂತು. ಹಳೆಯ ಶೇ 12ರಲ್ಲಿ ಹೋಟೆಲಿನವರು ತಾವು ಕೊಂಡ ಸಾಮಾನಿಗೆ, ಸೇವೆಗೆ ಕಟ್ಟಿದ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. ಇದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಹೊಸ ಶೇ 5ರಲ್ಲಿ ಆ ಸೌಲಭ್ಯ ಇಲ್ಲ. ಬುಕಿಂಗ್ ಆ್ಯಪ್ 2,000 ರೂಪಾಯಿಗೆ ಶೇ 18 ಕಮಿಷನ್ ತೆಗೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಅದು 360 ರೂಪಾಯಿ. ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, ಸುಮಾರು 65 ರೂಪಾಯಿ. ಮೊದಲು ಈ 65 ವಾಪಸ್ ಬಂದ ಹಾಗೆ ಆಗುತ್ತಿತ್ತು. ಈಗ ಮಾಲೀಕರ ಕೈಯಿಂದಲೇ ಹೋಗುತ್ತದೆ. ಅದರ ಮೇಲೆ ಲಾಂಡ್ರಿ, ಎಸಿ ರಿಪೇರಿ, ಪೇಂಟಿಂಗ್. ಎಲ್ಲದರ ತೆರಿಗೆಯೂ ಖರ್ಚಿಗೇ ಸೇರಿತು. ಅದನ್ನು ಸರಿದೂಗಿಸಲು ಅವರು ಬಾಡಿಗೆಯನ್ನು 100 ರೂಪಾಯಿ ಏರಿಸಿ 2,100 ಮಾಡಿದರೆ ತೆರಿಗೆ ಸೇರಿ ಬಿಲ್ 2,205. ಗಿರಾಕಿಗೆ ಉಳಿದದ್ದು 35 ರೂಪಾಯಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ನೋಂದಾಯಿತ ಲಾಡ್ಜ್, ಹೋಟೆಲ್ ಕಥೆ. ಚಿಕ್ಕ ಹೋಮ್‌ಸ್ಟೇಯದು ಇನ್ನೊಂದು ದಾರಿ. ವರ್ಷದ ವಹಿವಾಟು 20 ಲಕ್ಷ ದಾಟದ ಸೇವಾದಾರರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಮೂರು ರೂಮು, ದಿನಕ್ಕೆ 2,000, ವರ್ಷಕ್ಕೆ 120 ರಾತ್ರಿ ಮೂರೂ ಭರ್ತಿ ಅಂದರೂ 7 ಲಕ್ಷದ 20 ಸಾವಿರ. ಅಂಥವರಿಗೆ ನೇರವಾಗಿ ಫೋನ್ ಮಾಡಿ ರೂಮು ಹಿಡಿದರೆ ಜಿಎಸ್‌ಟಿ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಇಲ್ಲದ ತೆರಿಗೆ ಇಳಿಯುವುದಾದರೂ ಹೇಗೆ?

ಅದೇ ರೂಮನ್ನು ಆ್ಯಪ್ ಮೂಲಕ ಹಿಡಿದರೆ ಲೆಕ್ಕ ಬೇರೆ. ನೋಂದಣಿ ಇಲ್ಲದ ಚಿಕ್ಕ ಮಾಲೀಕರ ಪರವಾಗಿ ಜಿಎಸ್‌ಟಿ ಕಟ್ಟುವ ಹೊಣೆ ಆ್ಯಪ್ ಕಂಪನಿಯದು. ಕಾನೂನಿನ 9(5)ನೇ ಕಲಮು ಹಾಗೆ ಹೇಳುತ್ತದೆ. ಅದನ್ನು ಗಿರಾಕಿಯ ಬಿಲ್ಲಿಗೇ ಸೇರಿಸುತ್ತಾರೆ. ಶೇ 12 ಹೋಗಿ ಶೇ 5 ಆದದ್ದು ಇಲ್ಲಿ ನಿಜವಾಗಿಯೂ ಕಾಣಬೇಕು. ಕಾಣದಿದ್ದರೆ ಮೂಲ ಬಾಡಿಗೆ ಏರಿದೆ ಅಂತಲೇ ಅರ್ಥ.

ಇನ್ನು 7,500ರ ಗೆರೆ. ಆ ಗೆರೆಯ ತನಕ ಶೇ 5, ದಾಟಿದರೆ ಶೇ 18. ರೂಮು 7,500 ಆದರೆ ತೆರಿಗೆ 375, ಒಟ್ಟು 7,875. ರೂಮು 7,600 ಆದರೆ ತೆರಿಗೆ 1,368, ಒಟ್ಟು 8,968. ಬಾಡಿಗೆ 100 ರೂಪಾಯಿ ಏರಿದ್ದಕ್ಕೆ ಗಿರಾಕಿ 1,093 ಜಾಸ್ತಿ ಕೊಡಬೇಕು. ಜಂಬೂಸವಾರಿ ವಾರದಲ್ಲಿ ಬಾಡಿಗೆ ದಿಢೀರ್ ಏರುವ ಊರು ನಮ್ಮದು. ಆ ದಿನಗಳಲ್ಲಿ ದರ ಈ ಗೆರೆಯ ಯಾವ ಕಡೆ ಇದೆ ಅಂತ ನೋಡಿ ಬುಕ್ ಮಾಡುವುದು ಒಳ್ಳೆಯದು.

ಬೆಳಿಗ್ಗೆ ಬಂದು ರಾತ್ರಿ ವಾಪಸ್

ತೆರಿಗೆಗಿಂತ ದೊಡ್ಡ ತಲೆನೋವು ರಸ್ತೆಯಿಂದ ಬಂದಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿಯಿಂದ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್. ಮೂರು ತಾಸಿನ ದಾರಿ ಒಂದೂವರೆ ತಾಸಿನ ಆಚೀಚೆಗೆ ಬಂತು. ಅದಕ್ಕೂ ಮೊದಲು 2022ರ ನವೆಂಬರ್‌ನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಓಡಲು ಶುರುವಾಗಿತ್ತು.

ಬೇಗ ಬರಬಹುದು ಅಂದರೆ ಬೇಗ ಹೋಗಲೂಬಹುದು. ಬೆಂಗಳೂರಿನ ಕುಟುಂಬವೊಂದು ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು, ಮೃಗಾಲಯ, ಬೆಟ್ಟ ನೋಡಿ, ಸಂಜೆ ಏಳಕ್ಕೆ ಅರಮನೆ ದೀಪ ಹತ್ತುವುದನ್ನು ಕಣ್ತುಂಬಿಕೊಂಡು, ರಾತ್ರಿ ಊಟಕ್ಕೆ ಮನೆ ಸೇರುವ ಪ್ಲಾನ್ ಹಾಕಬಹುದು. ಮೊದಲಾಗಿದ್ದರೆ ದೀಪ ನೋಡಬೇಕು ಅಂದರೆ ರಾತ್ರಿ ಉಳಿಯುವುದೇ ವಾಸಿ ಅನ್ನಿಸುತ್ತಿತ್ತು. ಜನ ಬಂದರು, ರೂಮು ಖಾಲಿ. ಅರಮನೆ ಮುಂದೆ ಟ್ರಾಫಿಕ್ ಜಾಮ್ ನೋಡಿ ಊರಿಗೆಲ್ಲ ಭಾರಿ ವ್ಯಾಪಾರ ಅಂದುಕೊಂಡರೆ ತಪ್ಪು.

ಮಂಡ್ಯಕ್ಕೆ ಬಿದ್ದ ಪೆಟ್ಟು ಇನ್ನೂ ನೇರ. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಮೂರಕ್ಕೂ ಬೈಪಾಸ್ ಬಂತು. ಮೊದಲು ಎಲ್ಲ ಕಾರೂ ಮದ್ದೂರಿನೊಳಗೇ ಹಾದು ಹೋಗಬೇಕಿತ್ತು, ವಡೆಗೆ ನಿಲ್ಲುತ್ತಿತ್ತು. ಈಗ ಬೈಪಾಸ್ ಮೇಲೆ ಹೋಗುವವರಿಗೆ ಊರು ಕೆಳಗೆಲ್ಲೋ ಉಳಿಯುತ್ತದೆ. ಬೇಕು ಅಂತಲೇ ಇಳಿದರೆ ಮಾತ್ರ ಊರು. ಅಪಘಾತ ಕಡಿಮೆ ಮಾಡಲು 2023ರ ಆಗಸ್ಟ್ 1ರಿಂದ ಬೈಕು, ಆಟೊಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಅದು ಬೇಕಾಗಿತ್ತು. ಆದರೆ ದಾರಿಯಲ್ಲಿ ಸಿಕ್ಕಿದಲ್ಲಿ ನಿಂತು, ಸಿಕ್ಕಿದ್ದನ್ನು ನೋಡಿಕೊಂಡು ಹೋಗುವ ಪ್ರವಾಸ ಆ ರಸ್ತೆಯಲ್ಲಿ ಮುಗಿದ ಹಾಗೆಯೇ.

ಹಾಗಾದರೆ ಈ ಸೀಮೆಗೆ ಕೊರತೆ ಇರುವುದು ಪ್ರವಾಸಿಗರದ್ದಲ್ಲ, ಎರಡನೇ ರಾತ್ರಿಯದ್ದು. ಮೊದಲ ರಾತ್ರಿಯ ದುಡ್ಡು ಅರಮನೆಯ ಸುತ್ತಲಿನ ಹೋಟೆಲುಗಳಿಗೆ ಹೋಗುತ್ತದೆ. ಎರಡನೇ ರಾತ್ರಿ ಇದ್ದರೆ ಮಾತ್ರ ಮೇಲುಕೋಟೆ, ಸೋಮನಾಥಪುರ, ತಲಕಾಡು, ಕೊಕ್ಕರೆ ಬೆಳ್ಳೂರಿಗೆ ಏನಾದರೂ ಸಿಗುತ್ತದೆ.

ಎರಡನೇ ದಿನಕ್ಕೆ ಏನಿದೆ?

ಬೇಕಾದಷ್ಟಿದೆ. ಸೋಮನಾಥಪುರದ ಕೇಶವ ದೇವಾಲಯ ಮೈಸೂರಿನಿಂದ ಸುಮಾರು 35 ಕಿಲೋಮೀಟರ್. ಬೇಲೂರು, ಹಳೇಬೀಡಿನ ಜೊತೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹೊಯ್ಸಳರ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ್ದು. ವಿಶ್ವ ಪರಂಪರೆ ತಾಣ ಅನ್ನುತ್ತೇವೆ, ಆದರೆ ಕಾರಿಲ್ಲದವರು ಅಲ್ಲಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಬನ್ನೂರಿನಲ್ಲೋ ತಿರುಮಕೂಡಲು ನರಸೀಪುರದಲ್ಲೋ ಇಳಿದು ಇನ್ನೊಂದು ಬಸ್ ಹಿಡಿಯಬೇಕು. ಈ ಮಾತನ್ನು ಯಾವ ಬೋರ್ಡೂ ಹೇಳುವುದಿಲ್ಲ. ಬೆಳಿಗ್ಗೆ ತಿಂಡಿ ಬಡಿಸುವ ಮನೆಯವರು ಹೇಳುತ್ತಾರೆ.

ಇಲ್ಲೇ ಮನೆಯವರು ಇರುವ ಹೋಮ್‌ಸ್ಟೇಗೂ ಬೀಗದ ಪೆಟ್ಟಿಗೆಯ ಹೋಮ್‌ಸ್ಟೇಗೂ ವ್ಯತ್ಯಾಸ ಗೊತ್ತಾಗುವುದು. ರಂಗನತಿಟ್ಟನ್ನೇ ತೆಗೆದುಕೊಳ್ಳಿ. 1940ರಲ್ಲಿ ಪಕ್ಷಿಧಾಮವಾಗಿ ಘೋಷಣೆಯಾಯಿತು, 2022ರಲ್ಲಿ ರಾಜ್ಯದ ಮೊದಲ ರಾಮ್‌ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ಅಲ್ಲಿಗೆ ಹೋಗುವುದೇ ದೋಣಿಯಲ್ಲಿ ಕೂತು ಬಂಡೆ ಮೇಲಿನ ಮೊಸಳೆ, ಮರದ ತುಂಬ ಗೂಡು ನೋಡಲು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಆದರೆ ಅದೇ ನೀರು ಕೆಳಗೆ ಗಗನಚುಕ್ಕಿ, ಭರಚುಕ್ಕಿಯಲ್ಲಿ ಧುಮ್ಮಿಕ್ಕುತ್ತಿರುತ್ತದೆ. "ಇವತ್ತು ರಂಗನತಿಟ್ಟು ಬೇಡ ಸಾರ್, ಶಿವನಸಮುದ್ರಕ್ಕೆ ಹೋಗಿ ಬನ್ನಿ" ಅನ್ನುವ ಒಂದು ಮಾತು ಬಂದವರ ದಿನವನ್ನು ಉಳಿಸುತ್ತದೆ. ಮಳವಳ್ಳಿ ಕಡೆಯ ಹೋಟೆಲಿಗೆ ನಾಲ್ಕು ಊಟದ ವ್ಯಾಪಾರವನ್ನೂ ಕೊಡುತ್ತದೆ. ಹೋದವರು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ಜಾಗವನ್ನೂ ನೋಡಿದಂತಾಗುತ್ತದೆ. ತಲಕಾಡಿಗೆ ಹೊರಟವರಿಗೆ ಮರಳಲ್ಲಿ ಹೂತ ದೇವಸ್ಥಾನಗಳ ಬಗ್ಗೆ ಹೇಳುವುದರ ಜೊತೆಗೆ ಹೊಳೆಗೆ ಎಲ್ಲಿ ಇಳಿಯಬಾರದು ಅಂತ ಹೇಳುವವರೂ ಬೇಕು. ನೋಡಲು ಮೊಣಕಾಲುದ್ದ ನೀರು ಕಂಡರೂ ಕಾವೇರಿಯ ಸುಳಿ ಮೋಸ ಮಾಡುತ್ತದೆ.

ಕೊಕ್ಕರೆ ಬೆಳ್ಳೂರಂತೂ ಊರಿನವರಿಲ್ಲದೆ ಅರ್ಥವೇ ಆಗದ ಜಾಗ. ಮದ್ದೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಕೂತ ಮರದ ಹುಣಸೆ ಫಸಲನ್ನು ಜನ ಬಿಟ್ಟುಕೊಡುತ್ತಾರೆ, ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ ಬಂದಿದೆ. ಕಾರಿನಲ್ಲಿ ಬಂದು, ಹತ್ತು ನಿಮಿಷ ಫೋಟೊ ತೆಗೆದು ಹೋಗುವವರಿಂದ ಆ ಹುಣಸೆ ಮರದ ಯಜಮಾನರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಅದೇ ಊರಿನ ಒಂದು ಮನೆಯಲ್ಲಿ ರಾತ್ರಿ ಉಳಿದು, ಮುದ್ದೆ, ಬಸ್ಸಾರು ಉಂಡು, ಬೆಳಕು ಹರಿಯುವ ಹೊತ್ತಿಗೆ ಹಕ್ಕಿ ಹಾರುವುದನ್ನು ನೋಡಿದರೆ ದುಡ್ಡು ಅಲ್ಲೇ ಉಳಿಯುತ್ತದೆ, ಹಕ್ಕಿಗೂ ಒಂದು ಬೆಲೆ ಬರುತ್ತದೆ.

ಮಂಡ್ಯದ ಆಲೆಮನೆಯನ್ನೂ ಹೀಗೇ ನೋಡಬೇಕು. ಗಾಣದಿಂದ ಕಬ್ಬಿನ ಹಾಲು ಬಂದು ಕೊಪ್ಪರಿಗೆಗೆ ಬೀಳುತ್ತದೆ. ಕೆಳಗೆ ಒಲೆಗೆ ಒಣ ಸಿಪ್ಪೆ ಒಟ್ಟುತ್ತಾರೆ. ಕುದಿ ಬಂದ ಹಾಗೆ ಮೇಲೇಳುವ ಕೊಳೆಯನ್ನು ತೆಗೆಯುತ್ತಲೇ ಇರಬೇಕು. ಪಾಕ ಬಂತಾ ಅಂತ ಅನುಭವಸ್ಥರು ಸ್ವಲ್ಪ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಆಮೇಲೆ ಅಚ್ಚಿಗೆ. ಇದನ್ನು ಪೂರ್ತಿ ನೋಡಲು ಎರಡು ಮೂರು ತಾಸು ಬೇಕು, ಬಿಸಿ ಬೆಲ್ಲ ಬಾಯಿಗೆ ಹಾಕಿಕೊಳ್ಳಲು ಇನ್ನೂ ಸ್ವಲ್ಪ ಹೊತ್ತು. ರಾತ್ರಿ ವಾಪಸ್ ಹೋಗಬೇಕು ಅನ್ನುವ ಆತುರದಲ್ಲಿರುವವರಿಗೆ ಇದು ಆಗದ ಮಾತು.

ಮೇಲುಕೋಟೆಯೂ ಅಷ್ಟೇ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ವೈರಮುಡಿ ಉತ್ಸವಕ್ಕೆ ಜನಸಾಗರ, ಉಳಿದ ದಿನ ಮಧ್ಯಾಹ್ನ ಪುಳಿಯೋಗರೆ ತಿಂದು ಹೊರಡುವವರೇ ಜಾಸ್ತಿ. ಯೋಗನರಸಿಂಹಸ್ವಾಮಿ ಬೆಟ್ಟ, ಕಲ್ಯಾಣಿ, ಅಕ್ಕ ತಂಗಿ ಕೊಳ, ಕೈಮಗ್ಗದ ಬಟ್ಟೆ ಎಲ್ಲವನ್ನೂ ಸುಡು ಬಿಸಿಲಿನಲ್ಲಿ ಓಡುತ್ತಾ ನೋಡುವಂತಾಗಿದೆ.

ಸಫಾರಿ ನಿಂತಾಗ ಕಂಡದ್ದು

ಎಚ್.ಡಿ. ಕೋಟೆ, ಸರಗೂರು ಕಡೆಯ ಉಳಿಯುವ ಮನೆಗಳ ಕಥೆ ಬೇರೆ. ಅಲ್ಲಿಗೆ ಬರುವ ಬಹುತೇಕರ ಲೆಕ್ಕ ಒಂದೇ: ಸಂಜೆ ಒಂದು ಸಫಾರಿ, ಬೆಳಿಗ್ಗೆ ಒಂದು ಸಫಾರಿ, ನಡುವೆ ನಿದ್ದೆ. ಹಾಗಾಗಿ ಸಫಾರಿ ನಿಂತ ದಿನವೇ ಬುಕಿಂಗ್ ರದ್ದಾಗತೊಡಗಿದವು.

ಸಫಾರಿ ಯಾಕೆ ನಿಲ್ಲಿಸಿದರು? ಸರ್ಕಾರ ಹೇಳಿದ್ದು, ಹುಲಿ ಹಿಡಿಯುವ ಕೆಲಸಕ್ಕೆ ಸಿಬ್ಬಂದಿ ಬೇಕು, ಸಫಾರಿಯಲ್ಲಿರುವವರನ್ನೂ ಅದಕ್ಕೆ ಹಾಕಬೇಕು ಅಂತ. ರೈತ ಸಂಘಟನೆಗಳ ವಾದ ಇನ್ನೂ ಮುಂದಿನದು. ಜೀಪುಗಳ ಓಡಾಟ, ರೆಸಾರ್ಟುಗಳ ಬೆಳಕು, ಸದ್ದಿನಿಂದಲೇ ಪ್ರಾಣಿಗಳು ಹೊಲದ ಕಡೆ ಬರುತ್ತಿವೆ, ಶ್ರೀಮಂತರ ಮೋಜಿಗೆ ನಮ್ಮ ಜೀವ ಹೋಗುತ್ತಿದೆ ಅಂತ. ಸಂಬಂಧಿಕರನ್ನು ಕಳೆದುಕೊಂಡ ಊರಿನ ಸಿಟ್ಟನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಪ್ರವಾಸೋದ್ಯಮದವರು, ವನ್ಯಜೀವಿ ಆಸಕ್ತರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಸಫಾರಿ ನಡೆಯುವುದು ಕಾಡಿನ ಒಂದು ಸಣ್ಣ ಭಾಗದಲ್ಲಿ, ಹುಲಿ ಹೊರಬರುವುದಕ್ಕೆ ಗಡಿ ಜಗಳ, ವಯಸ್ಸು, ಗಾಯ, ಕಾಡಂಚಿನ ದನಕರು ಹೀಗೆ ಬೇರೆ ಕಾರಣಗಳಿವೆ ಅನ್ನುತ್ತಾರೆ. ಡ್ರೈವರ್, ಗೈಡ್, ಅಡುಗೆಯವರು, ರೂಮು ಗುಡಿಸುವವರು ಬಹುಪಾಲು ಅದೇ ಹಳ್ಳಿಗಳವರು ಅನ್ನುವುದೂ ಅವರ ಮಾತು.

ಎರಡೂ ಕಡೆಯ ಮಾತಿನಲ್ಲಿ ನಿಜವಿದೆ. ಒಂದೇ ಆಕರ್ಷಣೆಗೆ ಜೋತುಬಿದ್ದ ವ್ಯಾಪಾರ ಒಂದು ಆದೇಶಕ್ಕೆ ಮಲಗುತ್ತದೆ ಅನ್ನುವುದೂ ಅಷ್ಟೇ ನಿಜ. ಊರಿನವರದೇ ಎರಡು ರೂಮಿನ ಮನೆಯಾದರೆ ಸಫಾರಿ ಇಲ್ಲದ ತಿಂಗಳು ಬಿತ್ತನೆ, ಹಾಲು, ಬೇರೆ ಕೆಲಸದಿಂದ ಸಂಸಾರ ನಡೆಯುತ್ತದೆ. ಸಾಲ ಮಾಡಿ ಹದಿನೈದು ಕಾಟೇಜು ಎಬ್ಬಿಸಿದವರಿಗೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಮುದ್ರಾ ಸಾಲ ತೆಗೆದುಕೊಂಡು ಕಾಡಂಚಿನಲ್ಲಿ ಕಟ್ಟಬೇಕು ಅಂತಿರುವವರು ಈ ಲೆಕ್ಕವನ್ನು ಮೊದಲೇ ಹಾಕಬೇಕು. ಬಂಡೀಪುರದ ಸುತ್ತ 2012ರಲ್ಲೇ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ. ಹೋಮ್‌ಸ್ಟೇ ಅಂತ ಹೆಸರಿಟ್ಟ ಮಾತ್ರಕ್ಕೆ ಅದರ ನಿರ್ಬಂಧ ತಪ್ಪುವುದಿಲ್ಲ.

ಯಾರ ವಾದ ಏನು?

ಹೋಟೆಲಿನವರ ದೂರು: ನಾವು ಟ್ರೇಡ್ ಲೈಸೆನ್ಸ್, ಅಗ್ನಿಶಾಮಕ ಅನುಮತಿ, ಕಮರ್ಷಿಯಲ್ ಕರೆಂಟು ದರ, ಕೆಲಸದವರ ಪಿಎಫ್ ಎಲ್ಲ ಕಟ್ಟುತ್ತೇವೆ. ಪಕ್ಕದ ಬೀದಿಯಲ್ಲಿ ಎಂಟು ರೂಮಿನ ಕಟ್ಟಡ ಹೋಮ್‌ಸ್ಟೇ ಅಂತ ಬೋರ್ಡು ಹಾಕಿ ಅರ್ಧ ಬೆಲೆಗೆ ಕೊಡುತ್ತದೆ. ಇದು ನ್ಯಾಯವಾ? ಎಂಟು ರೂಮಿನ ಬಗ್ಗೆ ಹೇಳುವುದಾದರೆ ಅವರ ಮಾತು ಪೂರ್ತಿ ಸರಿ.

ಹೋಮ್‌ಸ್ಟೇ ಮಾಲೀಕರ ಉತ್ತರ: ನಮ್ಮದು ಮನೆ. ಮಕ್ಕಳು ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಎರಡು ರೂಮು ಖಾಲಿ. ಸೋಮವಾರದಿಂದ ಗುರುವಾರದ ತನಕ ಯಾರೂ ಬರುವುದಿಲ್ಲ. ಪೊಲೀಸ್ ಠಾಣೆ, ಪಾಲಿಕೆ, ಕರೆಂಟು ಕೊಡುವ ಸೆಸ್ಕ್, ಪ್ರವಾಸೋದ್ಯಮ ಇಲಾಖೆ ಅಂತ ನಾಲ್ಕು ಬಾಗಿಲು ತಟ್ಟಿಸಿದರೆ ನೋಂದಣಿಯೇ ಬೇಡ ಅನ್ನಿಸುತ್ತದೆ. ಅವರದೂ ಸರಿ. ನೋಂದಣಿ ಕಷ್ಟವಾದಷ್ಟೂ ಸದ್ದಿಲ್ಲದೆ ನಡೆಸುವವರು ಜಾಸ್ತಿಯಾಗುತ್ತಾರೆ, ಆಗ ಸುರಕ್ಷತೆಗೆ ಅಂತ ಮಾಡಿದ ನಿಯಮದಿಂದಲೇ ಸುರಕ್ಷತೆ ಹಾಳಾಗುತ್ತದೆ.

ಪಕ್ಕದ ಮನೆಯವರನ್ನು ಯಾರೂ ಕೇಳುವುದಿಲ್ಲ. ಸರಸ್ವತಿಪುರಂ, ಯಾದವಗಿರಿಯಂಥ ಬಡಾವಣೆಯಲ್ಲಿ ಪಕ್ಕದ ಮನೆ ವಾರಾಂತ್ಯದ ಪಾರ್ಟಿ ಮನೆಯಾದರೆ ರಾತ್ರಿ ಹನ್ನೊಂದಕ್ಕೆ ಯಾರಿಗೆ ಹೇಳುವುದು? ಮಾಲೀಕರ ಫೋನ್ ಸ್ವಿಚ್ ಆಫ್. ಮನೆಯವರು ಕೆಳಗೇ ಇದ್ದರೆ ಈ ತೊಂದರೆ ಹುಟ್ಟುವುದೇ ಕಡಿಮೆ, ಯಾಕೆಂದರೆ ಮೊದಲು ನಿದ್ದೆ ಕೆಡುವುದು ಅವರದೇ. ತಿಂಗಳ ಬಾಡಿಗೆಗೆ ಮನೆ ಹುಡುಕುವವರಿಗೂ ಇದರ ಬಿಸಿ ಇದೆ. ಒಂದು ಮನೆ ದಿನದ ಬಾಡಿಗೆಗೆ ಹೋದರೆ ಸಂಸಾರಸ್ಥರಿಗೆ ಒಂದು ಮನೆ ಕಡಿಮೆಯಾಯಿತು.

ಮುಂದೆ ಏನಾಗಬಹುದು?

ಎಲ್ಲರಿಗೂ ಒಂದೇ ಬಿಗಿ ನಿಯಮ ತಂದರೆ ಮೊದಲು ಬಾಗಿಲು ಹಾಕುವವರು ಎರಡು ರೂಮಿನವರು. ದೊಡ್ಡ ವಿಲ್ಲಾ ನಡೆಸುವವರು ಆಡಿಟರ್ ಇಟ್ಟುಕೊಂಡು, ಕಾಗದ ಸರಿಮಾಡಿಸಿಕೊಂಡು ಉಳಿಯುತ್ತಾರೆ. ನಿಯಮವೇ ಬೇಡ ಅಂದರೆ ಒಂದು ಕೆಟ್ಟ ಘಟನೆ ಸಾಕು, ಇಡೀ ಸೀಮೆಯ ಹೆಸರು ಹೋಗುತ್ತದೆ. ನೀತಿ ಆಯೋಗ 2025ರಲ್ಲಿ ಹೋಮ್‌ಸ್ಟೇ ಬಗ್ಗೆ ತಂದ ವರದಿ ಸರಳ ನಿಯಮಗಳ ಪರವಾಗಿಯೇ ಇದೆ. ಸರಳ ಸರಿ, ಆದರೆ ಯಾರಿಗೆ ಸರಳ?

ಗೆರೆ ಎಳೆಯಬೇಕಾದ ಜಾಗ ಮಾಲೀಕರ ವಾಸ ಅನ್ನುವುದು ಇದಕ್ಕೇ. ಅಲ್ಲೇ ವಾಸವಿರುವ, ಆರು ರೂಮಿನೊಳಗಿನವರಿಗೆ ಒಂದೇ ಕಡೆ ಅರ್ಜಿ, ಮನೆ ಕರೆಂಟು ದರ, ಮನೆ ಕಂದಾಯ ಕೊಡಲಿ. ವಾಸವಿಲ್ಲದ ಮನೆಗಳನ್ನು ಅತಿಥಿಗೃಹ ಅಂತ ಕರೆದು ಲಾಡ್ಜಿನ ನಿಯಮಕ್ಕೆ ತರಲಿ. ಇದನ್ನು ಪರೀಕ್ಷಿಸುವುದೂ ಕಷ್ಟವೇನಲ್ಲ. ವಿಳಾಸದ ದಾಖಲೆ, ಗ್ಯಾಸ್ ಸಂಪರ್ಕ, ಮತದಾರರ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಆ್ಯಪ್‌ಗಳೂ ನೋಂದಣಿ ಸಂಖ್ಯೆ ತೋರಿಸದೆ ರೂಮು ಹಾಕಬಾರದು ಅಂದರೆ ಅರ್ಧ ಕೆಲಸ ಮುಗಿಯುತ್ತದೆ.

ಕೆಆರ್‌ಎಸ್‌ನಲ್ಲಿ ಬೃಂದಾವನದ ಉನ್ನತೀಕರಣ, ಕಾವೇರಿ ಆರತಿ ಅಂತ ದೊಡ್ಡ ಯೋಜನೆಗಳ ಮಾತು ನಡೆದಿದೆ, ರೈತರ ವಿರೋಧವೂ ಇದೆ. ಅವು ಬರಲಿ ಬಿಡಲಿ, ಸಂಜೆಯ ಕಾರ್ಯಕ್ರಮ ನೋಡಿ ಎಕ್ಸ್‌ಪ್ರೆಸ್‌ವೇ ಹತ್ತಿಬಿಡುವ ಜನ ಜಾಸ್ತಿಯಾದರೆ ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕಿನ ಹಳ್ಳಿಗಳಿಗೆ ಉಳಿಯುವುದು ಕಸ ಮತ್ತು ಟ್ರಾಫಿಕ್. ಆ ದೊಡ್ಡ ಯೋಜನೆಗಳ ಒಂದು ಸಣ್ಣ ಪಾಲು ಖರ್ಚಿನಲ್ಲಿ ಸೋಮನಾಥಪುರ, ತಲಕಾಡು, ಮೇಲುಕೋಟೆಗೆ ವಾರಾಂತ್ಯದಲ್ಲಿ ನೇರ ಬಸ್ ಓಡಿಸಬಹುದು. ಹಾಗೆ ಮಾಡಿದರೆ ಕಾರಿಲ್ಲದವರೂ ಎರಡನೇ ರಾತ್ರಿ ಉಳಿಯುವ ಯೋಚನೆ ಮಾಡುತ್ತಾರೆ.

ಬುಕ್ ಮಾಡುವವರಿಗೆ, ರೂಮು ಕೊಡುವವರಿಗೆ

ಬುಕ್ ಮಾಡುವ ಮುಂಚೆ ಒಂದು ಫೋನ್ ಮಾಡಿ, ಮನೆಯವರು ಅಲ್ಲೇ ಇರುತ್ತಾರಾ ಅಂತ ಕೇಳಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಕೇಳಿ. ಗುರುತಿನ ಚೀಟಿ ಕೇಳದೆ ರೂಮು ಕೊಡುವ ಜಾಗ ನಿಮ್ಮ ಪಕ್ಕದ ರೂಮಿನವರನ್ನೂ ಕೇಳಿರುವುದಿಲ್ಲ, ಅಂಥ ಕಡೆ ಹೋಗಬೇಡಿ. ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದರೆ ಜಿಎಸ್‌ಟಿ ನಂಬರೂ ಇರಬೇಕು. ನಂಬರಿಲ್ಲದೆ ಶೇ 5 ಅಥವಾ ಹಳೆಯ ಶೇ 12 ಸೇರಿಸಿದ್ದರೆ ಅದನ್ನು ಕೊಡಬೇಕಾಗಿಲ್ಲ. ಮಂಗಳವಾರ ಮೃಗಾಲಯಕ್ಕೆ ರಜೆ, ಅರಮನೆ ದೀಪ ಭಾನುವಾರ ಮತ್ತು ಸರ್ಕಾರಿ ರಜೆ ದಿನ. ಇದನ್ನು ನೋಡಿಕೊಂಡು ಶನಿವಾರ ಹಳ್ಳಿ ಕಡೆ, ಭಾನುವಾರ ನಗರ ಅಂತ ಇಟ್ಟುಕೊಂಡರೆ ಎರಡೂ ಸಿಗುತ್ತವೆ.

ರೂಮು ಕೊಡುವ ಯೋಚನೆ ಇರುವವರು ಸಾಲಕ್ಕೆ ಕೈ ಹಾಕುವ ಮೊದಲು ಇರುವ ಮನೆಯಲ್ಲೇ ಒಂದು ರೂಮಿನಿಂದ ಶುರು ಮಾಡಿ. ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೋಂದಣಿ, ಊಟ ತಿಂಡಿ ಕೊಡುವುದಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ಬಂದವರ ಹೆಸರು ಬರೆಯಲು ಒಂದು ಪುಸ್ತಕ. ಹೊರದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ಕೊಡಲೇಬೇಕು. ಗೋಕುಲಂ ಕಡೆಯವರಿಗೆ ಇದು ರೂಢಿಯಾಗಿದೆ, ಬೇಕಾದರೆ ಅಲ್ಲಿ ಪರಿಚಯದವರನ್ನು ಕೇಳಿ ಕಲಿತುಕೊಳ್ಳಿ.